ರಕ್ತಪಿಶಾಚಿಗೊಂದು ಹೆಣ್ಣು ನೋಡಿ

ಸಾಹಿತ್ಯ ಸಮ್ಮೇಳನಕ್ಕೆ ಯಾಕೆ ಹೋಗುತ್ತೀರಿ ಎಂದು ಯಾರನ್ನೇ ಕೇಳಿ, ‘ಕನ್ನಡದ ಸೇವೆಗೆ’ ಎನ್ನುತ್ತಾರೆ. ಸುಳ್ಳು ಹೇಳುವಾಗ ನಮ್ಮವರಲ್ಲಿ ಕಾಣುವ ಈ ಒಗ್ಗಟ್ಟು ನೀರು, ಗಡಿಯ ವಿಷಯಕ್ಕೂ ಬಂದಿದ್ದರೆ ನಾವು ಎಲ್ಲೋ ಇರುತ್ತಿದ್ದೆವು. ಮೇಷ್ಟರುಗಳು ಹೋಗುವುದು ಶಾಲೆಗೆ ಹೋಗದೆಯೂ ಹಾಜರಿ ಕೊಡುವ ‘ಓಓಡಿ’ ಸಿಗುತ್ತದೆಂದು. ಕವಿಗಳು ಹೋಗುವುದು ಶಾಲು, ಹಾರ, ನೆನಪಿನ ಕಾಣಿಕೆಗೆ. ನಿವೃತ್ತರು ಹೋಗುವುದು ಊಟಕ್ಕೆ, ಮತ್ತು ಊಟದ ಸಾಲಿನಲ್ಲಿ ಸಿಗುವ ಹಳೆಯ ಸಹೋದ್ಯೋಗಿಯ ಜೊತೆ ಸೇರಿಕೊಂಡು ಆ ಸಾಲಿನಲ್ಲಿಲ್ಲದ ಮೂರನೆಯವನನ್ನು ಬೈಯುವುದಕ್ಕೆ. ಇನ್ನು ನನ್ನಂಥ ಕೆಲವರಿದ್ದೇವೆ. ಪೆಂಡಾಲಿನ ಮೈಕು ‘ಇದೀಗ ಮಾನ್ಯ ಅಧ್ಯಕ್ಷರು’ ಎನ್ನುತ್ತಿದ್ದಂತೆ ಮೆಲ್ಲಗೆ ಎದ್ದು ಪುಸ್ತಕ ಮಳಿಗೆಗಳ ಕಡೆ ಜಾರಿಕೊಳ್ಳುವವರು.

ಹಾಸನ ಸೀಮೆಯವರಿಗೆ ಇದರ ಅಭ್ಯಾಸ ಚೆನ್ನಾಗಿದೆ. 1996ರಲ್ಲಿ ಚೆನ್ನವೀರ ಕಣವಿಯವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾಸನಕ್ಕೇ ಬಂತು. 2015ರಲ್ಲಿ 81ನೆಯದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಡೆಯಿತು, ಅಧ್ಯಕ್ಷರು ಡಾ. ಸಿದ್ಧಲಿಂಗಯ್ಯ. ಇವೆರಡು ದೊಡ್ಡ ಜಾತ್ರೆಗಳಲ್ಲದೆ ಜಿಲ್ಲಾ ಸಮ್ಮೇಳನ, ತಾಲ್ಲೂಕು ಸಮ್ಮೇಳನ ಎಂದು ಅರಕಲಗೂಡು, ಹೊಳೆನರಸೀಪುರಗಳಲ್ಲೂ ಶಾಮಿಯಾನ ಏಳುತ್ತಲೇ ಇರುತ್ತದೆ.

ಸಮ್ಮೇಳನ ಎಷ್ಟೇ ದೊಡ್ಡದಿರಲಿ, ಮಳಿಗೆಗಳ ನಕ್ಷೆ ಮಾತ್ರ ಒಂದೇ. ಮೊದಲ ಸಾಲು ಸರ್ಕಾರದ್ದು: ಪರಿಷತ್ತು, ಪ್ರಾಧಿಕಾರ, ವಿಶ್ವವಿದ್ಯಾಲಯ. ಭಾರಿ ರಿಯಾಯಿತಿಗೆ ಸಿಗುವ ದಪ್ಪ ದಪ್ಪ ಸಂಪುಟಗಳು. ಕೊಂಡವರಿಗಿಂತ ಎತ್ತಿ ನೋಡಿ ತೂಕ ಅಂದಾಜು ಮಾಡಿದವರೇ ಹೆಚ್ಚು. ಎರಡನೆಯ ಸಾಲು ಬೆಂಗಳೂರು, ಮೈಸೂರು, ಧಾರವಾಡದ ಪ್ರಕಾಶಕರದು. ಅಲ್ಲಿ ಲೇಖಕರು ತಮ್ಮ ಪುಸ್ತಕ ತಾವೇ ಎತ್ತಿ ಮುಂದಿಟ್ಟು, ಪಕ್ಕದವರ ಪುಸ್ತಕವನ್ನು ಗೊತ್ತಿಲ್ಲದವರಂತೆ ಹಿಂದಕ್ಕೆ ಸರಿಸುತ್ತಿರುತ್ತಾರೆ. ಮೂರನೆಯದರಲ್ಲಿ ಮಂಡಿನೋವಿನ ಎಣ್ಣೆ, ಕಾಡಿನ ಜೇನುತುಪ್ಪ, ಖಾದಿ ಜುಬ್ಬ. ಇವೆಲ್ಲ ದಾಟಿ, ಶಾಮಿಯಾನದ ಹಗ್ಗ ಎಡವಿ, ಜನರೇಟರಿನ ಹೊಗೆ ಕುಡಿದು ಹೋದರೆ ಸಿಗುವುದೇ ನಮ್ಮ ಸ್ವರ್ಗ. ನೆಲದ ಮೇಲೆ ಟಾರ್ಪಾಲು, ಅದರ ಮೇಲೆ ಹಳೆ ಪುಸ್ತಕದ ರಾಶಿ, ರಾಶಿಯ ಹಿಂದೆ ಬೀಡಿ ಸೇದುತ್ತ ಕೂತ ಮಾಲೀಕ. ‘ಯಾವ್ದ್ ತಗಂಡ್ರೂ ಮೂವತ್ತು ರೂಪಾಯಿ, ಆರಿಸ್ಕಳಿ ಸಾರ್.’

ಆ ರಾಶಿಯಲ್ಲಿ ಜಾತಿಭೇದವಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಯಾವುದೋ ಸ್ವಾಮೀಜಿಯ ಪ್ರವಚನದ ಮೇಲೆ ಕಾಲು ಚಾಚಿಕೊಂಡಿರುತ್ತಾನೆ. ತೆಲುಗಿನಿಂದ ಬಂದು ಎಂಬತ್ತರ ದಶಕದ ಕನ್ನಡಿಗರಿಗೆ ರಾತ್ರಿ ಬಚ್ಚಲಿಗೆ ಹೋಗಲು ಜೊತೆ ಬೇಕಾಗುವಂತೆ ಮಾಡಿದ ಯಂಡಮೂರಿಯವರ ‘ತುಳಸಿದಳ’ ಪಂಚಾಂಗದೊಳಗೆ ಅಡಗಿರುತ್ತದೆ. ನಾವು ಕೂತು, ಅಂಗಿಗೆಲ್ಲ ಧೂಳು ಮೆತ್ತಿಕೊಂಡು, ನಾಲ್ಕು ದೆವ್ವಗಳನ್ನು ಆರಿಸಿ ತರುತ್ತೇವೆ. ಆದರೆ ಕೈಚೀಲ ತುಂಬುವುದರಲ್ಲೂ ಒಂದು ಶಾಸ್ತ್ರವಿದೆ. ಎಲ್ಲಕ್ಕಿಂತ ಮೇಲೆ ‘ಮಂಕುತಿಮ್ಮನ ಕಗ್ಗ’. ಮನೆಯಲ್ಲಿ ಆಗಲೇ ಮೂರು ಪ್ರತಿ ಇದ್ದರೂ ಪರವಾಗಿಲ್ಲ. ಅದರ ಕೆಳಗೆ ಭೈರಪ್ಪನವರದೊಂದು ಕಾದಂಬರಿ. ಸಂತೇಶಿವರ ಚನ್ನರಾಯಪಟ್ಟಣ ತಾಲ್ಲೂಕು ತಾನೆ, ನಮ್ಮವರು ಎನ್ನುವ ಅಭಿಮಾನಕ್ಕಾದರೂ ಬೇಕು. ದೆವ್ವಗಳು ತಳದಲ್ಲಿ, ಮುಖ ಕೆಳಗೆ ಮಾಡಿಕೊಂಡು. ಬಸ್ಸಿನಲ್ಲಿ ಪರಿಚಯದವರು ‘ಏನೇನ್ ತಗಂಡ್ರಿ?’ ಎಂದು ಚೀಲಕ್ಕೆ ಕೈ ಹಾಕಿದರೆ ಕಗ್ಗ ತಡೆಯುತ್ತದೆ.

ಚನ್ನರಾಯಪಟ್ಟಣದ ನನ್ನ ಅಕ್ಕನ ಮಗಳಿಗೆ ಈ ಕಳ್ಳತನವೆಲ್ಲ ಗೊತ್ತಿಲ್ಲ. ಹಾಸನದಲ್ಲಿ ಓದುವ ಹುಡುಗಿ. ಇಂಗ್ಲಿಷ್ ಪುಸ್ತಕಗಳನ್ನು ಕೆಜಿ ಲೆಕ್ಕದಲ್ಲಿ ಮಾರುವ ಪ್ರದರ್ಶನವೊಂದು ಊರಿಗೆ ಬಂದಿತ್ತಂತೆ. ಈರುಳ್ಳಿ ಕೊಂಡಂತೆ ತೂಗಿಸಿಕೊಂಡು ತಂದಿದ್ದಳು. ಹಬ್ಬಕ್ಕೆ ಬಂದವಳು ಜಗಲಿಯ ಮೇಲೆ ಕೂತು ಒಂದನ್ನು ಓದುತ್ತ, ಇದ್ದಕ್ಕಿದ್ದಂತೆ ಕಿಸಕ್ಕನೆ ನಗುವುದು, ಮತ್ತೆ ಓದುವುದು ಮಾಡುತ್ತಿದ್ದಳು. ರಟ್ಟಿನ ಮೇಲೆ ಕೋರೆಹಲ್ಲು.

‘ಏನವ್ವ ಅದು?’

‘ರಕ್ತ ಕುಡಿಯೋ ದೆವ್ವದ ಲವ್ ಸ್ಟೋರಿ ಮಾವ.’

‘ರಕ್ತ ಕುಡಿಯೋದ್ರಲ್ಲಿ ನಗೋ ಅಂಥದ್ದೇನೈತೆ?’

‘ನಿಮಗೆ ಗೊತ್ತಾಗಲ್ಲ ಬಿಡಿ ಮಾವ.’

ಕನ್ನಡ ಸಾರಸ್ವತ ಲೋಕದಲ್ಲಿ ಇಷ್ಟು ವರ್ಷ ಓಡಾಡಿದವನಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ? ಅವಳು ಮಲಗಿದ ಮೇಲೆ ಪುಸ್ತಕ ಎತ್ತಿಕೊಂಡು ಹೋಗಿ ಓದಿದೆ. ಮೇರಿಜಾನಿಸ್ ಡೇವಿಡ್‌ಸನ್ ಎಂಬ ಅಮೆರಿಕದ ಹೆಂಗಸು 2004ರಲ್ಲಿ ಬರೆದ ‘ಅನ್‌ಡೆಡ್ ಅಂಡ್ ಅನ್‌ವೆಡ್’. ಬೆಟ್ಸಿ ಎಂಬ ಹುಡುಗಿ ಅಪಘಾತದಲ್ಲಿ ಸಾಯುತ್ತಾಳೆ. ಹೆಣ ಇಟ್ಟ ಕಡೆಯೇ ಎದ್ದು ಕೂರುತ್ತಾಳೆ. ತಾನು ಸತ್ತೆನಲ್ಲ ಎಂದು ಅಳುವುದು ಬಿಟ್ಟು, ತನ್ನ ಕಾಲಿಗೆ ಯಾರೋ ಅಗ್ಗದ ಚಪ್ಪಲಿ ಹಾಕಿದ್ದಾರೆಂದು ಸಿಟ್ಟಾಗುತ್ತಾಳೆ! ಮದುವೆಮನೆ ಬಾಗಿಲಲ್ಲಿ ಹೊಸ ಚಪ್ಪಲಿ ಕಳೆದುಕೊಂಡು ಯಾರದೋ ಹಳೇ ಹವಾಯಿ ಮೆಟ್ಟಿಕೊಂಡು ಬಂದ ಯಾರಿಗಾದರೂ ಆ ಸಂಕಟ ಅರ್ಥವಾಗುತ್ತದೆ. ನಾನೂ ಕಿಸಕ್ಕನೆ ನಕ್ಕೆ. ‘ಏನ್ರೀ ಅದು, ಈ ಹೊತ್ತಲ್ಲಿ?’ ಎಂದಳು ಹೆಂಡತಿ. ‘ಕಗ್ಗ’ ಎಂದೆ.

ಮಾರನೆಯ ರಾತ್ರಿ ಇನ್ನೊಂದು. ಶಾರ್ಲೇನ್ ಹ್ಯಾರಿಸ್ 2001ರಲ್ಲಿ ಬರೆದ ‘ಡೆಡ್ ಅಂಟಿಲ್ ಡಾರ್ಕ್’. ಇದರ ನಾಯಕಿ ಸೂಕಿ, ಹೋಟೆಲಿನಲ್ಲಿ ಸಪ್ಲೈ ಮಾಡುವವಳು. ಅವಳಿಗೆ ಎಲ್ಲರ ಮನಸ್ಸಿನ ಮಾತೂ ಕೇಳಿಸುತ್ತದೆ, ಆ ಕಾರಣಕ್ಕೇ ಯಾವ ಗಂಡಸಿನ ಜೊತೆಗೂ ಐದು ನಿಮಿಷ ನೆಮ್ಮದಿಯಿಂದ ಕೂರಲು ಆಗಿಲ್ಲ. ಒಂದು ದಿನ ರಕ್ತಪಿಶಾಚಿಯೊಬ್ಬ ಬರುತ್ತಾನೆ. ಅವನ ಮನಸ್ಸಿನೊಳಗಿನದು ಇವಳಿಗೆ ಒಂದಿಷ್ಟೂ ಕೇಳಿಸುವುದಿಲ್ಲ. ಅಷ್ಟಕ್ಕೇ ಪ್ರೇಮ! ಹೆಸರು ಕೇಳಿದರೆ ‘ಬಿಲ್’ ಎನ್ನುತ್ತಾನೆ, ಅವಳು ಬಿದ್ದು ಬಿದ್ದು ನಗುತ್ತಾಳೆ. ಅಂಥ ಭಯಂಕರ ಜೀವಿಗೆ ನಮ್ಮಲ್ಲಿ ‘ಪುಟ್ಟಸ್ವಾಮಿ’ ಎಂದು ಹೆಸರಿದ್ದರೆ ಹೇಗೋ ಹಾಗೆ. ಆ ಕಾದಂಬರಿಯ ಲೋಕದಲ್ಲಿ ಜಪಾನಿನವರು ಕೃತಕ ರಕ್ತ ಕಂಡುಹಿಡಿದು ಬಾಟಲಿಯಲ್ಲಿ ಮಾರುತ್ತಿರುತ್ತಾರೆ. ರಕ್ತಪಿಶಾಚಿಗಳು ಮರ್ಯಾದಸ್ಥರಾಗಿ ಅಂಗಡಿಗೆ ಬಂದು ಕೊಂಡು ಕುಡಿಯುತ್ತಾರೆ.

ಬೆಳಿಗ್ಗೆ ಪುಸ್ತಕ ವಾಪಸ್ಸು ಕೊಡುವಾಗ ಹುಡುಗಿ ಕೇಳಿದಳು: ‘ಕನ್ನಡದಲ್ಲಿ ಇಂಥದ್ದಿಲ್ವಾ ಮಾವ? ಬರೀ ಅಳೋದೇ ಇರೋದಾ?’

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ರಕ್ತಪಿಶಾಚಿಯ ಕುಲಗೋತ್ರ ವಿಚಾರಿಸುವುದು ಒಳ್ಳೆಯದು. ಇಂಗ್ಲಿಷಿನ ರಸಿಕ ರಕ್ತಪಿಶಾಚಿ ಹುಟ್ಟಿದ್ದು ಸ್ಮಶಾನದಲ್ಲಲ್ಲ, ಕವಿಗೋಷ್ಠಿಯಲ್ಲಿ. 1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಆಕಾಶಕ್ಕೆ ಮುಸುಕಿ, ಮುಂದಿನ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಒಂದು ಬಂಗಲೆಯಲ್ಲಿ ಕವಿ ಬೈರನ್, ಕವಿ ಶೆಲ್ಲಿ, ಹದಿನೆಂಟರ ಹುಡುಗಿ ಮೇರಿ, ಅವಳ ಮಲತಂಗಿ, ಬೈರನ್ನನ ಖಾಸಗಿ ಡಾಕ್ಟರು ಪೊಲಿಡೋರಿ, ಈ ಐವರು ಮಳೆಗೆ ಸಿಕ್ಕಿಬಿದ್ದರು. ‘ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ’ ಎಂದ ಬೈರನ್. ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ, ವಂದನಾರ್ಪಣೆ ಒಂದೂ ಇರಲಿಲ್ಲ. ಅದಕ್ಕೇ ಏನೋ, ಕೆಲಸ ನಡೆಯಿತು. ಮೇರಿಯ ‘ಫ್ರಾಂಕೆನ್‌ಸ್ಟೈನ್’ ಅಲ್ಲಿಂದಲೇ ಹೊರಟದ್ದು. ಬೈರನ್ ಒಂದು ಕಥೆ ಶುರುಮಾಡಿ ಬೇಜಾರಾಗಿ ಕೈಬಿಟ್ಟ. ಅದನ್ನು ಎತ್ತಿಕೊಂಡು ಪೊಲಿಡೋರಿ ‘ದಿ ವ್ಯಾಂಪೈರ್’ ಬರೆದ. ಅದರ ನಾಯಕ ಲಾರ್ಡ್ ರುಥ್ವೆನ್ ಬಿಳಿಚಿದ ಮುಖದ, ಹೆಂಗಸರ ಹಿಂದೆ ಸುತ್ತುವ, ಸಭೆಯಲ್ಲಿ ಎಲ್ಲರ ಕಣ್ಣೂ ತನ್ನ ಮೇಲೆ ಬೀಳುವಂತೆ ನಿಲ್ಲುವ ಶ್ರೀಮಂತ. ಯಾರನ್ನು ನೋಡಿ ಬರೆದದ್ದೆಂದು ಓದಿದವರಿಗೆಲ್ಲ ಗೊತ್ತಾಯಿತು: ಸಾಕ್ಷಾತ್ ಬೈರನ್ನನನ್ನೇ. ಸಂಬಳ ಕೊಡುವ ಕವಿಯನ್ನು ಕಂಡು ಕಂಡು ಡಾಕ್ಟರು ಮಾಡಿದ ರೋಗನಿರ್ಣಯ ಅದು.

ಪುಸ್ತಕೋದ್ಯಮದ ಕಥೆ ಇನ್ನೂ ಮುಂದಿದೆ. 1819ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿದಾಗ ಲೇಖಕರ ಹೆಸರಿನ ಜಾಗದಲ್ಲಿ ಬೈರನ್ ಎಂದಿತ್ತು! ದೊಡ್ಡ ಹೆಸರಿದ್ದರೆ ಮಾರಾಟ ಜೋರು. ಬರೆದವನು ‘ನನ್ನದು’ ಎಂದು ಕೂಗಿದ, ಬೈರನ್ನೂ ‘ನನ್ನದಲ್ಲ’ ಎಂದ. ಸಂಚಿಕೆ ಬಿಸಿಬಿಸಿಯಾಗಿ ಖರ್ಚಾಯಿತು. ನಮ್ಮ ಪ್ರಕಾಶಕರು ಬೆನ್ನುಡಿಯಲ್ಲಿ ಹಿರಿಯ ಸಾಹಿತಿಯ ಹೆಸರನ್ನು ಲೇಖಕನ ಹೆಸರಿಗಿಂತ ದಪ್ಪಕ್ಷರದಲ್ಲಿ ಹಾಕುವುದನ್ನು ಕಂಡು ನಾನು ಈಗ ಸಿಟ್ಟಾಗುವುದಿಲ್ಲ. ಅವರು ಪರಂಪರೆಗೆ ನಿಷ್ಠರು.

ಹಾಗಾಗಿ ಸಾಹಿತಿಗೂ ರಕ್ತಪಿಶಾಚಿಗೂ ರಕ್ತಸಂಬಂಧವೇ ಇದೆ. ಅನುಮಾನವಿದ್ದರೆ ಲಕ್ಷಣ ಹೊಂದಿಸಿ ನೋಡಿ. ರಕ್ತಪಿಶಾಚಿ ಕರೆಯದೆ ಹೊಸ್ತಿಲು ದಾಟುವುದಿಲ್ಲ. ಆಹ್ವಾನಪತ್ರಿಕೆಯಲ್ಲಿ ಹೆಸರಿಲ್ಲದಿದ್ದರೆ ಸಾಹಿತಿಯೂ ಸಮ್ಮೇಳನದ ಕಡೆ ತಲೆ ಹಾಕುವುದಿಲ್ಲ. ಅವನು ಹಗಲೆಲ್ಲ ನಿದ್ದೆ. ವಿಚಾರಗೋಷ್ಠಿಯ ವೇದಿಕೆಯ ಮೇಲೆ ಇವರನ್ನು ನೋಡಿ. ರಾತ್ರಿ ಲಾಡ್ಜಿನ ರೂಮಿನಲ್ಲಿ ಇಬ್ಬರಿಗೂ ಜೀವ ಬರುತ್ತದೆ. ಅವನಿಗೆ ಕನ್ನಡಿಯಲ್ಲಿ ತನ್ನ ಮುಖ ಕಾಣದು; ಇವರಿಗೆ ತಮ್ಮ ಪುಸ್ತಕದ ದೋಷ ಕಾಣದು. ಅವನಿಗೆ ಸಾವಿಲ್ಲ, ಒಮ್ಮೆ ಪಠ್ಯಪುಸ್ತಕಕ್ಕೆ ಸೇರಿದ ಕವಿಗೂ ಇಲ್ಲ. ಇನ್ನು ಹೀರುವ ಮಾತು. ಅಕ್ಕಪಕ್ಕದ ಮನೆಯ ಜಗಳ, ಸೋದರತ್ತೆಯ ಕಣ್ಣೀರು, ಸ್ನೇಹಿತ ಕುಡಿದು ಹೇಳಿಕೊಂಡ ಗುಟ್ಟು, ಎಲ್ಲವನ್ನೂ ಹೀರಿ ಕಥೆ ಮಾಡುವವರು ಯಾರು? ಆದರೆ ಕೇಳಿದರೆ ‘ಪ್ರಕಾಶಕ ನನ್ನ ರಕ್ತ ಹೀರಿದ’ ಎನ್ನುತ್ತಾರೆ. ಪ್ರಕಾಶಕ ಗ್ರಂಥಾಲಯ ಇಲಾಖೆಯ ಬಾಕಿ ಬಿಲ್ಲು ತೋರಿಸುತ್ತಾನೆ. ಅಂಗಡಿಯವನು ಬಾಡಿಗೆ ಚೀಟಿ ತೋರಿಸುತ್ತಾನೆ. ಕಡೆಗೆ ನೋಡಿದರೆ ಯಾರ ಮೈಯಲ್ಲೂ ತೊಟ್ಟು ರಕ್ತವಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಇದೆಯೇ? ಇದೆ ತಾಯಿ, ಹಾಸನ ಜಿಲ್ಲೆಯಲ್ಲೇ ಇದೆ. ಹೊಯ್ಸಳರ ದೋರಸಮುದ್ರ, ಅಂದರೆ ಈಗಿನ ಹಳೇಬೀಡು. ವೀರಬಲ್ಲಾಳನ ಆಸ್ಥಾನದ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ರಾತ್ರಿ ಆನೆಶಾಲೆಯಿಂದ ತೇಲಿಬಂದ ಹಾಡೊಂದಕ್ಕೆ ರಾಣಿ ಅಮೃತಮತಿ ಮರುಳಾಗುತ್ತಾಳೆ. ಹಾಡಿದವನು ಕುರೂಪಿ ಮಾವುತ, ಅಷ್ಟಾವಂಕ. ಪಕ್ಕದಲ್ಲಿ ಚೆಲುವ ಮಹಾರಾಜ ಮಲಗಿದ್ದಾನೆ, ಇವಳು ಎದ್ದು ಲಾಯಕ್ಕೆ ಹೋಗುತ್ತಾಳೆ. ತಡವಾಗಿ ಬಂದಳೆಂದು ಮಾವುತನಿಂದ ಹೊಡೆತವನ್ನೂ ತಿನ್ನುತ್ತಾಳೆ. ಕಣ್ಣಾರೆ ಕಂಡ ರಾಜ ಅದನ್ನು ಅಮ್ಮನಿಗೆ ನೇರ ಹೇಳಲಾಗದೆ ‘ಕೆಟ್ಟ ಕನಸು’ ಎಂದು ಸುತ್ತಿಬಳಸುತ್ತಾನೆ. ಅಮ್ಮ ಕನಸಿಗೆ ಶಾಂತಿ ಮಾಡಿಸು, ಹುಂಜ ಬಲಿ ಕೊಡು ಎನ್ನುತ್ತಾಳೆ. ಮಗ ಜೈನ, ಹಿಂಸೆ ಒಲ್ಲೆ ಎನ್ನುತ್ತಾನೆ. ಕಡೆಗೆ ರಾಜಿ: ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯೋಣ! ಕತ್ತಿ ಬಿದ್ದೊಡನೆ ಆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಅಮ್ಮ ಮಗ ಇಬ್ಬರೂ ಸೊಸೆಯ ಕೈಯಲ್ಲಿ ವಿಷ ತಿಂದು ಸತ್ತು, ಪ್ರಾಣಿಗಳಾಗಿ ಜನ್ಮದ ಮೇಲೆ ಜನ್ಮ ತಿರುಗಬೇಕಾಗುತ್ತದೆ. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಮನಸ್ಸು ನಿಜದ್ದಲ್ಲವೇ? ಜಪಾನಿನ ಬಾಟಲಿ ರಕ್ತ ಕುಡಿದು ‘ನಾನು ಸಭ್ಯ’ ಎನ್ನುವ ಬಿಲ್ಲನನ್ನು ಜನ್ನ ಎಂಟುನೂರು ವರ್ಷ ಮೊದಲೇ ಕಟಕಟೆಯಲ್ಲಿ ನಿಲ್ಲಿಸಿದ್ದ.

ಇದೇ ಕಥೆಯನ್ನು ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಮಾಡಿದರು. ಅದಕ್ಕೂ ಮೊದಲು 1971ರಲ್ಲಿ ಬಂದ ‘ಹಯವದನ’ದ ಮೂಲ ಯಾವುದು? ನಾವೆಲ್ಲ ‘ಚಂದಮಾಮ’ದಲ್ಲಿ ಓದಿದ ಅದೇ ಬೇತಾಳ, ವಿಕ್ರಮನ ಹೆಗಲ ಮೇಲೆ ಕೂತು ಹೇಳಿದ ಒಂದು ಕಥೆ, ಜರ್ಮನಿಯ ಥಾಮಸ್ ಮನ್ ಕೈಗೂ ಹೋಗಿ ಬಂದದ್ದು. ಗಂಡನ ತಲೆ ಗೆಳೆಯನ ಮೈಗೆ, ಗೆಳೆಯನ ತಲೆ ಗಂಡನ ಮೈಗೆ. ಈಗ ಹೆಂಡತಿ ಯಾರ ಹಿಂದೆ ಹೋಗಬೇಕು? ರುಂಡ ಮುಂಡ ಬೇರೆಯಾಗಿ ಬಿದ್ದಿರುವ ಆ ಭಯಂಕರ ಹೊತ್ತಿನಲ್ಲಿ ಕಾರ್ನಾಡರ ಕಾಳಿ ಪ್ರತ್ಯಕ್ಷಳಾಗುವುದು ಆಕಳಿಸಿಕೊಂಡು! 1988ರ ‘ನಾಗಮಂಡಲ’ದಲ್ಲಿ ರಾತ್ರಿ ಮಾತ್ರ ಬರುವ ಪ್ರೇಮಿ ಇದ್ದಾನೆ, ಗಂಡನ ರೂಪ ತಾಳಿದ ನಾಗಪ್ಪ. ಪ್ರೇಕ್ಷಕರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ತಾನು ಒಂದು ರಾತ್ರಿ ಪೂರ್ತಿ ಎಚ್ಚರವಿರಬೇಕಾದ ನಾಟಕಕಾರನಿದ್ದಾನೆ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಜ್ವಾಲೆಗಳೆಲ್ಲ ಪಾಳುಗುಡಿಯಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಸಾಹಿತ್ಯ ಸಮ್ಮೇಳನ ನಿಜವಾಗಿ ಹೇಗಿರಬೇಕೆಂದು ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಶ್ರವಣಬೆಳಗೊಳದ ಸಾರೋಟಿನಲ್ಲಿ ಕೂತಿದ್ದ ಸಿದ್ಧಲಿಂಗಯ್ಯನವರೂ ಸಾಮಾನ್ಯರಲ್ಲ. ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ, ‘ಅವತಾರಗಳು’ ಪುಸ್ತಕದಲ್ಲಿ ಊರ ದೇವರುಗಳ ತರಲೆ ತಂಟೆಗಳನ್ನು ಹೇಳಿ ನಗಿಸಿದವರು. ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯಲ್ಲಿ ಊರವರನ್ನು ಹೀರುವ ಜಿಪುಣ ಜಮೀನ್ದಾರನ ಹೆಸರೇ ಭೂತಯ್ಯ. 1974ರಲ್ಲಿ ಅದು ‘ಭೂತಯ್ಯನ ಮಗ ಅಯ್ಯು’ ಚಿತ್ರವಾಗಿ ಊರೂರು ಕುಣಿಸಿತು. ಅರಕಲಗೂಡಿನ ಹೆಸರನ್ನು ಇನಿಷಿಯಲ್ಲಾಗಿ ಹೊತ್ತ ಅ.ನ. ಕೃಷ್ಣರಾಯರು ‘ನಗ್ನಸತ್ಯ’ ಮುಂತಾದ ಕಾದಂಬರಿ ಬರೆದಾಗ ಮಡಿವಂತರು ಹುಬ್ಬು ಗಂಟಿಕ್ಕಿದರು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. 1960ರಲ್ಲಿ ಮಣಿಪಾಲದ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರಾಗಿ ಕೂರಿಸಬೇಕಾಯಿತು. ಹುಬ್ಬು ಗಂಟಿಕ್ಕಿದವರೂ ಆ ಕಾದಂಬರಿಗಳನ್ನು ಓದಿಯೇ ಇದ್ದರು, ಬಹುಶಃ ಚೀಲದ ತಳದಲ್ಲಿಟ್ಟುಕೊಂಡು. ಹೀಗೆ ಹೆದರಿಕೆ, ಪ್ರೀತಿ, ನಗೆ ಮೂರನ್ನೂ ಒಂದೇ ಒಲೆಯ ಮೇಲೆ ಬೇಯಿಸುವುದು ನಮಗೆ ಹೊಸದಲ್ಲ. ಅದನ್ನು ತಿಂದೆವೆಂದು ಒಪ್ಪಿಕೊಳ್ಳುವುದು ಮಾತ್ರ ನಾಚಿಕೆ.

‘ಅದೆಲ್ಲ ಹಳೇದಾಯ್ತು ಮಾವ. ಹೊಸದಾಗಿ, ನಮ್ ಕಡೆಯದು?’ ಎಂದಳು ಹುಡುಗಿ.

ಸರಿ, ತಗೋ. ನಾಯಕನ ಹೆಸರು ರುಧಿರೇಶ. ಜಾತಕದಲ್ಲಿ ಹುಟ್ಟಿದ ವರ್ಷ 1725. ಮುನ್ನೂರು ವರ್ಷದಿಂದ ಕವನ ಬರೆಯುತ್ತಿದ್ದಾನೆ, ಒಂದೂ ಅಚ್ಚಾಗಿಲ್ಲ. ಹೊಳೆನರಸೀಪುರದ ತಾಲ್ಲೂಕು ಸಮ್ಮೇಳನದ ಕವಿಗೋಷ್ಠಿ ರಾತ್ರಿಗೆ ಎಳೆದಿದೆ ಎಂದು ತಿಳಿದು ಬರುತ್ತಾನೆ. ಪೆಂಡಾಲಿನ ಪಕ್ಕದಲ್ಲಿ ರಕ್ತದಾನ ಶಿಬಿರ! ಹಾಸನದ ರಕ್ತನಿಧಿಯ ಹುಡುಗಿ ಬಾಟಲು ಚೀಲಗಳನ್ನೆಲ್ಲ ಐಸು ಡಬ್ಬಿಗೆ ತುಂಬುತ್ತಿದ್ದಾಳೆ. ರುಧಿರೇಶನಿಗೆ ಮೊದಲು ಯಾವುದರ ಮೇಲೆ ಮನಸ್ಸಾಯಿತು, ಹುಡುಗಿಯ ಮೇಲೋ ಡಬ್ಬಿಯ ಮೇಲೋ ಎನ್ನುವುದನ್ನು ವಿಮರ್ಶಕರಿಗೆ ಬಿಡೋಣ.

ಹುಡುಗಿಯದು ಅರಕಲಗೂಡು. ಬ್ರೋಕರು ಮನೆಯವರ ಹತ್ತಿರ ಹೇಳುತ್ತಾನೆ: ‘ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರು. ಅಮೆರಿಕ ಟೈಮಿಗೆ ಡ್ಯೂಟಿ.’ ಮುಗಿಯಿತು! ಮುಖ ಬಿಳಿಚಿಕೊಂಡಿದೆ, ಹಗಲೆಲ್ಲ ಕಿಟಕಿ ಮುಚ್ಚಿ ಮಲಗುತ್ತಾನೆ, ರಾತ್ರಿ ಕಣ್ಣು ಕೆಂಪಗೆ ಕೂತಿರುತ್ತಾನೆ, ಊಟ ಸೇರುವುದಿಲ್ಲ, ನೆಂಟರ ಮನೆಗೆ ಹೋಗುವುದಿಲ್ಲ. ಒಬ್ಬರಿಗೂ ಅನುಮಾನವಿಲ್ಲ. ಹೆಣ್ಣು ನೋಡುವ ಶಾಸ್ತ್ರದ ದಿನ ಕರೆಯದೆ ಒಳಗೆ ಬರಲಾರದವನು ಬಾಗಿಲಲ್ಲಿ ಅಳುಕುತ್ತ ನಿಂತಿದ್ದರೆ, ಯಾರು ಏನೆಂದು ನೋಡುವ ಮೊದಲೇ ಮಾವನ ಮನೆಯವರು ‘ಬನ್ನಿ ಬನ್ನಿ, ಒಳಗ್ ಬನ್ನಿ, ಬಡವರ ಮನೆ’ ಎಂದುಬಿಡುತ್ತಾರೆ. ಸದ್ಯ, ಹೊಳೆನರಸೀಪುರದಲ್ಲಿ ಹಾಗೆ ನಿಲ್ಲಲಿಲ್ಲ. ನರಸಿಂಹಸ್ವಾಮಿಯ ಊರಿನಲ್ಲಿ ಸಂಜೆ ಹೊತ್ತು ಹೊಸ್ತಿಲ ಮೇಲೆ ನಿಂತರೆ ಏನಾಗುತ್ತದೆಂದು ಹಿರಣ್ಯಕಶಿಪುವನ್ನು ಕೇಳಬೇಕು.

ಊಟಕ್ಕೆ ಮುದ್ದೆ, ಬಸ್ಸಾರು. ಬಸ್ಸಾರಿಗೆ ಇಡೀ ಗೆಡ್ಡೆ ಬೆಳ್ಳುಳ್ಳಿ ಅರೆದು ಹಾಕಿದ್ದಾರೆ. ರುಧಿರೇಶ ತಲೆ ತಿರುಗಿ ಬೀಳುತ್ತಾನೆ; ‘ಪಾಪ, ಬಿಸಿಲು’ ಎನ್ನುತ್ತಾಳೆ ಅತ್ತೆ, ರಾತ್ರಿ ಒಂಬತ್ತು ಗಂಟೆಗೆ. ಹುಡುಗಿಯ ಅಜ್ಜಿಗೆ ಮಾತ್ರ ಎಲ್ಲ ಗೊತ್ತಾಗುತ್ತದೆ. ಅವಳು ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಾಳೆ. ಹುಡುಗ ಸಭ್ಯಸ್ಥ, ಬರೆದದ್ದನ್ನು ಮೀರುವವನಲ್ಲ. ದಿನಾ ಬರುತ್ತಾನೆ, ಓದುತ್ತಾನೆ, ಹೋಗುತ್ತಾನೆ. ಆರು ತಿಂಗಳಾದ ಮೇಲೆ ಅಜ್ಜಿಗೇ ಕರುಣೆ ಬರುತ್ತದೆ: ‘ಇಷ್ಟ್ ಮಾತ್ ಕೇಳೋ ಅಳಿಯ ಬ್ಯಾರೆ ಎಲ್ಲ್ ಸಿಕ್ಕಾನು?’ ಎಂದು ತಾನೇ ಸೆರಗಿನಲ್ಲಿ ಒರೆಸುತ್ತಾಳೆ.

ಬೀಗರೂಟದ ದಿನ ರುಧಿರೇಶನಿಗೆ ಆಘಾತ ಕಾದಿದೆ. ಬೀಗರು ಕುರಿಯ ರಕ್ತವನ್ನೇ ಈರುಳ್ಳಿ ಹಾಕಿ ಹುರಿದು ಎಲೆಗೆ ಬಡಿಸಿಕೊಂಡು ಚಪ್ಪರಿಸುತ್ತಿದ್ದಾರೆ! ಮುನ್ನೂರು ವರ್ಷ ಕದ್ದು ಮುಚ್ಚಿ, ನಾಚಿಕೊಂಡು ಮಾಡಿದ್ದನ್ನು ಈ ಜನ ಶಾಮಿಯಾನ ಹಾಕಿ ಮಾಡುತ್ತಾರಲ್ಲ! ಅವನಿಗೆ ವೈರಾಗ್ಯ ಬರುತ್ತದೆ. ಹೆಂಡತಿ ಶ್ರವಣಬೆಳಗೊಳಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ವ್ರತ ಹಿಡಿದವರು ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟರು, ಇವನಿಗೆ ಸೂರ್ಯ ಮುಳುಗುವ ತನಕ ಕಣ್ಣೇ ಬಿಡಲಾಗದು. ಈ ಇಕ್ಕಟ್ಟಿನಲ್ಲಿ ಗಂಡ ಹೆಂಡತಿ ಹುಡುಕಿಕೊಂಡ ದಾರಿ ಬೀಟ್‌ರೂಟು ಪಲ್ಯ. ಹಿಟ್ಟಿನ ಹುಂಜದಂತೆ ಅದೂ ಕೂಗುತ್ತದೋ ಏನೋ ಎಂದು ಮೊದಲ ತುತ್ತಿಗೆ ಇಬ್ಬರೂ ಕಿವಿಗೊಟ್ಟು ಕೂರುತ್ತಾರೆ.

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಧೈರ್ಯದ ಮೇಲೆ ಮುಂದಿನ ಸಮ್ಮೇಳನದಲ್ಲಿ ಪ್ರಕಾಶಕರೊಬ್ಬರನ್ನು ಮಳಿಗೆಯ ಮೂಲೆಗೆ ಹಿಡಿದು ನಿಲ್ಲಿಸಿ ಇಡೀ ಕಥೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೇನೋ ಎಂದುಕೊಂಡೆ. ಇಲ್ಲ, ಲೆಕ್ಕ ಹಾಕುತ್ತಿದ್ದರು.

‘ಪುಟ ಎಷ್ಟಾಗುತ್ತೆ ಸಾರ್? ಲೈಬ್ರರಿಗೆ ರೇಟು ಪುಟದ ಮೇಲೆ.’

‘ಎಷ್ಟು ಬೇಕು ಹೇಳಿ’ ಎಂದೆ. ‘ನಾಯಕನಿಗೆ ಸಾವಿಲ್ಲ.’